ಚೈತ್ರದ ಊಟದ ಮೇಜಿಗೆ ಹಿತ್ತಲ ಹೂ ಮತ್ತು ಗೋಧಿ ಹುಲ್ಲಿನ ಅಲಂಕಾರ: ಹಂತ ಹಂತವಾಗಿ

ಹೋಳಿ ಹುಣ್ಣಿಮೆ ಮುಗಿದು ಯುಗಾದಿ ಹತ್ತಿರವಾಗುತ್ತಿದ್ದಂತೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಪ್ರತಿ ವರ್ಷವೂ ಕೇಳುವ ಪ್ರಶ್ನೆ ಒಂದೇ ಬಗೆಯದು. ಹಬ್ಬದ ದಿನ ಬೀಗರು, ನೆಂಟರು ಊಟಕ್ಕೆ ಬರುತ್ತಾರೆ. ಊಟದ ಮೇಜಿನ ನಡುವೆ ನಮ್ಮದೇ ಹಿತ್ತಲಿನ ಹೂಗಳಿಂದ ಒಂದು ಅಲಂಕಾರ ಮಾಡಬೇಕೆಂಬ ಆಸೆ ಇದೆ. ಆದರೆ ಬೆಳಿಗ್ಗೆ ಜೋಡಿಸಿದ ಹೂ ಹೋಳಿಗೆ ಬಡಿಸುವಷ್ಟರಲ್ಲಿ ಬಾಡಿ ಕತ್ತು ಬಾಗಿಸುತ್ತದೆ, ಇದಕ್ಕೆ ಏನು ಮಾಡಬೇಕು? ಹೂದಾನಿ ಯಾವುದು ಚೆಂದ, ಬಣ್ಣ ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಕೇಳುವವರಿಗಿಂತ ಹೀಗೆ ಕೇಳುವವರೇ ಹೆಚ್ಚು.

ವಸಂತದ ಅಲಂಕಾರ ಎಂದು ಹುಡುಕಿದರೆ ಸಿಗುವ ಚಿತ್ರಗಳಲ್ಲಿ ಇರುವುದು ಟ್ಯುಲಿಪ್, ಡ್ಯಾಫೋಡಿಲ್‌ಗಳಂತಹ ಚಳಿನಾಡಿನ ಹೂಗಳು. ಅಲ್ಲಿನ ವಸಂತ ಎಂದರೆ ಹಿಮ ಕರಗಿ ನೆಲ ಇನ್ನೂ ತಣ್ಣಗಿರುವ ಕಾಲ. ನಮ್ಮ ಚೈತ್ರದಲ್ಲಿ ಆಗಲೇ ಬೇಸಿಗೆ ಕಾಲೂರಿರುತ್ತದೆ. ಮಧ್ಯಾಹ್ನದ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಗಾಳಿಯಲ್ಲಿ ತೇವ ಕಡಿಮೆ, ತಲೆಯ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ಎಸಳಿನಿಂದ ನೀರು ಆವಿಯಾಗುವ ವೇಗಕ್ಕೆ ಕಾಂಡ ನೀರೇರಿಸುವ ವೇಗ ಸಾಲದೇ ಹೋದಾಗ ಹೂ ಬಾಡುತ್ತದೆ. ಆದುದರಿಂದ ಇಲ್ಲಿ ಜೋಡಣೆಯ ಕೌಶಲಕ್ಕಿಂತ ನೀರಿನ ವ್ಯವಸ್ಥೆಗೆ ಹೆಚ್ಚು ಗಮನ ಕೊಡಬೇಕು, ಮತ್ತು ಅಲಂಕಾರದ ಸೊಗಸಿನ ಬಹುಭಾಗವನ್ನು ಬೇರುಸಹಿತ ಜೀವಂತವಾಗಿರುವ ಹುಲ್ಲಿಗೆ ಬಿಟ್ಟುಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ವಿವರಿಸಿರುವ ವಿಧಾನ ಸರಳವಾಗಿದೆ: ಅಗಲವಾದ ತಟ್ಟೆಯಲ್ಲಿ ಗೋಧಿಯ ಹಸಿರು ಹುಲ್ಲು ಬೆಳೆಸಿ, ಅದರೊಳಗೆ ಕಾಣದಂತೆ ಚಿಕ್ಕ ಗಾಜಿನ ಶೀಶೆಗಳನ್ನು ಹುದುಗಿಸಿ, ಆ ಶೀಶೆಗಳ ನೀರಿನಲ್ಲಿ ಹೂಗಳನ್ನು ನಿಲ್ಲಿಸುವುದು. ಹುಲ್ಲು ವಾರಗಟ್ಟಲೆ ಉಳಿಯುತ್ತದೆ. ಬಾಡಿದ ಹೂವನ್ನಷ್ಟೇ ತೆಗೆದು ಬೇರೆ ಹೂ ಇಟ್ಟರೆ ಅದೇ ಅಲಂಕಾರ ಯುಗಾದಿಯಿಂದ ರಾಮನವಮಿಯವರೆಗೂ ಬರುತ್ತದೆ.

ಬೇಕಾಗುವ ಸಾಮಗ್ರಿ

ಸುಮಾರು 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 5ರಿಂದ 6 ಸೆಂ.ಮೀ. ಆಳದ ಒಂದು ತಟ್ಟೆ ಬೇಕು. ಅಡುಗೆಮನೆಯ ಹಿತ್ತಾಳೆ ಪರಾತ, ಸ್ಟೀಲ್ ತಟ್ಟೆ, ಬಿದಿರಿನ ಬುಟ್ಟಿ ಯಾವುದಾದರೂ ಆಗುತ್ತದೆ. ಹಿತ್ತಾಳೆಗೆ ಒದ್ದೆ ಗೊಬ್ಬರ ತಾಗಿದರೆ ಕಲೆ ಕಟ್ಟುತ್ತದೆ, ಬುಟ್ಟಿಯಾದರೆ ನೀರು ಸೋರುತ್ತದೆ. ಆದ್ದರಿಂದ ಎರಡಕ್ಕೂ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಕುಂಬಾರರ ಮಣ್ಣಿನ ತಟ್ಟೆ ನೋಡಲು ಎಲ್ಲಕ್ಕಿಂತ ಸುಂದರ, ಆದರೆ ಮೆರುಗು ಕೊಡದ ಮಣ್ಣು ನೀರನ್ನು ಹೊರಗೆ ಬೆವರಿಸುವುದರಿಂದ ಮೇಜಿನ ಕಟ್ಟಿಗೆಯ ಮೇಲೆ ಬಿಳಿ ವರ್ತುಲ ಬೀಳುತ್ತದೆ. ಅದಕ್ಕೂ ಹಾಳೆಯೇ ಪರಿಹಾರ.

ಈ ಅಳತೆಯ ತಟ್ಟೆಗೆ ಕಿರಾಣಿ ಅಂಗಡಿಯ ಗೋಧಿ 200 ಗ್ರಾಂ ಸಾಕು. ಬೀಜದ ಅಂಗಡಿಯಿಂದ ಬಿತ್ತನೆ ಗೋಧಿ ತರಬೇಡಿ. ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುವುದುಂಟು, ಗುಲಾಬಿ ಅಥವಾ ಕೆಂಪು ಬಣ್ಣ ಕಂಡರೆ ಅದು ಲೇಪನದ ಗುರುತು. ಅಂತಹದ್ದನ್ನು ಊಟದ ಮೇಜಿಗೆ ತರುವುದು ಸರಿಯಲ್ಲ.

ಬೇರೂರಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮತ್ತು ಎರೆಹುಳು ಗೊಬ್ಬರವನ್ನು ಸಮಪ್ರಮಾಣದಲ್ಲಿ ಬೆರೆಸಿಕೊಳ್ಳಿ. ಹೊಲದ ಎರೆ ಮಣ್ಣನ್ನೇ, ಅಂದರೆ ಕಪ್ಪು ಮಣ್ಣನ್ನೇ, ತುಂಬಿದರೆ ನೀರು ಹಾಕಿದಾಗ ಅಂಟಾಗಿ, ಒಣಗಿದಾಗ ಬಿರುಕು ಬಿಟ್ಟು ಹುಲ್ಲಿನ ಬೇರು ಹರಿಯುತ್ತದೆ. ಮಸಾರಿ ಮಣ್ಣು, ಅಂದರೆ ಕೆಂಪು ಮಣ್ಣು, ಸಿಗುವವರು ಅದನ್ನು ಜರಡಿ ಹಿಡಿದು ಅರ್ಧದಷ್ಟು ಗೊಬ್ಬರ ಸೇರಿಸಿ ಬಳಸಬಹುದು.

30 ಮಿ.ಲೀ. ಅಳತೆಯ ಏಳು ಅಥವಾ ಒಂಬತ್ತು ಗಾಜಿನ ಶೀಶೆಗಳು ಬೇಕು. ಹೋಮಿಯೋಪಥಿ ಔಷಧಿಯ ಖಾಲಿ ಶೀಶೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಅವುಗಳನ್ನು ಬಿಸಿನೀರು, ಸೋಪಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿಡಿ. ಇವಲ್ಲದೆ ಹರಿತವಾದ ಕತ್ತರಿ ಅಥವಾ ಚಾಕು, ಒಂದು ಆಳವಾದ ಬಕೆಟ್, ನೀರು ಸಿಂಪಡಿಸುವ ಬಾಟಲಿ ಮತ್ತು ಸೂಜಿ ತೆಗೆದ ಒಂದು ಹೊಸ ಸಿರಿಂಜ್ ಇರಲಿ.

ಹೂವಿನ ಅಂಗಡಿಯವರು ಬಳಸುವ ಹಸಿರು ಫೋಮ್ ಇಟ್ಟಿಗೆ ಬೇಕೇ ಎಂದು ಹಲವರು ಕೇಳುತ್ತಾರೆ. ಬೇಡ. ಅದು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ರಾಳದಿಂದ ಮಾಡಿದ ಪ್ಲಾಸ್ಟಿಕ್. ಮಣ್ಣಿನಲ್ಲಿ ಕೊಳೆಯದೆ ಪುಡಿಪುಡಿಯಾಗಿ ನೀರು ಸೇರುತ್ತದೆ. ಲಂಡನ್ನಿನ ಚೆಲ್ಸಿ ಹೂ ಪ್ರದರ್ಶನ ನಡೆಸುವ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯೇ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ. ಹುಲ್ಲು, ಶೀಶೆ ಇರುವಾಗ ಅದರ ಅಗತ್ಯವೇ ಬರುವುದಿಲ್ಲ.

ಹಂತ 1: ಹುಲ್ಲು ಬೆಳೆಸುವುದು

ಹಬ್ಬಕ್ಕೆ ಹತ್ತು ದಿನ ಮೊದಲು ಕೆಲಸ ಆರಂಭಿಸಬೇಕು. ನವರಾತ್ರಿಯಲ್ಲಿ ಘಟ್ಟ ಹಾಕುವ ಮನೆಗಳಲ್ಲಿ ಇದು ಗೊತ್ತಿರುವ ಕೆಲಸವೇ. ಆದರೂ ಮಾರ್ಚ್ ತಿಂಗಳ ಸೆಕೆ ಬೇರೆ, ನವರಾತ್ರಿಯ ಹವೆ ಬೇರೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಈಗ ಮೊಳಕೆ ಬೇಗ ಬರುತ್ತದೆ, ಒಣಗುವುದೂ ಬೇಗ, ಬೂಷ್ಟು ಹಿಡಿಯುವುದೂ ಬೇಗ.

ಗೋಧಿಯನ್ನು ತೊಳೆದು ಎಂಟರಿಂದ ಹತ್ತು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡಿ. ಒಂದು ದಿನದೊಳಗೆ ಕಾಳಿನ ತುದಿಯಲ್ಲಿ ಬಿಳಿ ಮೊಳಕೆಯ ಚುಕ್ಕಿ ಕಾಣಿಸುತ್ತದೆ. ಬಿತ್ತಲು ಅದೇ ಸರಿಯಾದ ಸಮಯ. ಮೊಳಕೆ ಉದ್ದವಾಗುವವರೆಗೆ ಕಾದರೆ ಹರಡುವಾಗ ಮುರಿಯುತ್ತದೆ.

ತಟ್ಟೆಯಲ್ಲಿ ಗೊಬ್ಬರದ ಮಿಶ್ರಣವನ್ನು 3ರಿಂದ 4 ಸೆಂ.ಮೀ. ದಪ್ಪಕ್ಕೆ ಹರಡಿ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವವಿದ್ದರೆ ಸಾಕು. ಈಗ, ಕಾಳು ಹರಡುವುದಕ್ಕೆ ಮೊದಲೇ, ಶೀಶೆಗಳನ್ನು ತಳಕ್ಕೆ ತಾಗುವಂತೆ ನಿಲ್ಲಿಸಿ, ಮಣ್ಣು ಬೀಳದಂತೆ ಮುಚ್ಚಳ ಹಾಕಿಡಿ. ಈ ಕ್ರಮವನ್ನು ಹಿಂದುಮುಂದು ಮಾಡುವುದೇ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಎಂಟು ದಿನಗಳಲ್ಲಿ ಗೋಧಿಯ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪ ಚಾಪೆಯಾಗಿರುತ್ತವೆ. ಆಮೇಲೆ ಶೀಶೆ ತುರುಕಲು ಹೋದರೆ ಚಾಪೆ ಹರಿದು ಆ ಸುತ್ತಲಿನ ಹುಲ್ಲು ಹಬ್ಬದ ದಿನವೇ ಹಳದಿಯಾಗುತ್ತದೆ. ಶೀಶೆಗಳನ್ನು ಸಾಲಾಗಿ ನಿಲ್ಲಿಸಬೇಡಿ. ಒಂದು ಕಡೆ ನಾಲ್ಕೈದು ಒತ್ತೊತ್ತಾಗಿ, ಇನ್ನೊಂದು ಕಡೆ ಎರಡು ಮೂರು ಬಿಡಿಬಿಡಿಯಾಗಿ ಇದ್ದರೆ ಹೂಗಳು ಹುಲ್ಲಿನಲ್ಲಿ ತಾವಾಗಿ ಹುಟ್ಟಿದಂತೆ ಕಾಣುತ್ತವೆ.

ಶೀಶೆಗಳ ಸುತ್ತ ಮೊಳಕೆ ಕಾಳನ್ನು ಒಂದಕ್ಕೊಂದು ತಾಗುವಂತೆ, ಆದರೆ ಒಂದರ ಮೇಲೊಂದು ಏರದಂತೆ, ಒಂದೇ ಪದರದಲ್ಲಿ ಹರಡಿ ಅಂಗೈಯಿಂದ ಮೆಲ್ಲಗೆ ಒತ್ತಿ. ಹುಲ್ಲು ದಟ್ಟವಾಗಲಿ ಎಂದು ಎರಡು ಪದರ ಹಾಕಿದರೆ ಕೆಳಗಿನ ಕಾಳು ಉಸಿರುಕಟ್ಟಿ ಕೊಳೆತು ವಾಸನೆ ಬರುತ್ತದೆ. ಮೇಲೆ ಒದ್ದೆ ಹತ್ತಿ ಬಟ್ಟೆ ಹೊದಿಸಿ ಎರಡು ದಿನ ಕತ್ತಲಲ್ಲಿಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬಟ್ಟೆಯ ಮೇಲೆ ನೀರು ಸಿಂಪಡಿಸಿ.

ಎರಡನೆಯ ದಿನ ಬಟ್ಟೆ ಎತ್ತಿ ನೋಡಿದವರು ಬಿಳಿ ನೂಲಿನಂತಹ ನವಿರು ಕಂಡು ಬೂಷ್ಟು ಬಂತೆಂದು ತಟ್ಟೆಯನ್ನೇ ಚೆಲ್ಲಿಬಿಡುತ್ತಾರೆ. ಅವಸರ ಬೇಡ. ನೀರು ಸಿಂಪಡಿಸಿದ ಕೂಡಲೇ ಆ ನವಿರು ಬೇರಿಗೆ ಅಂಟಿಕೊಂಡು ಕಾಣದಂತಾದರೆ ಅದು ಬೇರುರೋಮ, ಅಂದರೆ ನೀರು ಹೀರಲು ಬೇರು ಬಿಡುವ ಸೂಕ್ಷ್ಮ ಕೂದಲು. ಸಿಂಪಡಿಸಿದರೂ ಜೇಡರ ಬಲೆಯಂತೆ ಕಾಳಿನ ಮೇಲೆ ಉಳಿದು ಮುಗ್ಗಲು ವಾಸನೆ ಬಂದರೆ ಅದು ನಿಜವಾದ ಬೂಷ್ಟು. ಆ ಭಾಗದ ಕಾಳನ್ನು ಚಮಚದಿಂದ ತೆಗೆದುಹಾಕಿ, ನೀರು ಕಡಿಮೆ ಮಾಡಿ, ಗಾಳಿಯಾಡುವ ಕಡೆ ಇಡಿ.

ಮೂರನೆಯ ದಿನ ಬಟ್ಟೆ ತೆಗೆದಾಗ ಮೊಳಕೆ ತಿಳಿಹಳದಿಯಾಗಿರುತ್ತದೆ. ಬೆಳಕು ಬಿದ್ದರೆ ಒಂದೇ ದಿನದಲ್ಲಿ ಹಸಿರಾಗುತ್ತದೆ. ಪೂರ್ವ ದಿಕ್ಕಿನ ಕಿಟಕಿ, ಪಡಸಾಲೆ ಅಥವಾ ಮರದ ನೆರಳಿನ ಕಟ್ಟೆ ಇದಕ್ಕೆ ಒಳ್ಳೆಯ ಜಾಗ. ಮಧ್ಯಾಹ್ನದ ಬಿಸಿಲಿಗೆ, ಅದರಲ್ಲೂ ತಾರಸಿಯ ಮೇಲೆ ಇಡಲೇಬಾರದು. ಹುಲ್ಲು ಬೆಳಕಿನ ಕಡೆಗೆ ವಾಲುವುದರಿಂದ ದಿನಕ್ಕೊಮ್ಮೆ ತಟ್ಟೆಯನ್ನು ತಿರುಗಿಸಿಡಿ. ತಟ್ಟೆಗೆ ತೂತು ಇಲ್ಲವಾದ್ದರಿಂದ ಸುರಿದು ನೀರು ಹಾಕುವ ಹಾಗಿಲ್ಲ; ಸಿಂಪಡಿಸುವುದೇ ಸುರಕ್ಷಿತ.

ನೀರು ಸಾಕೇ ಬೇಕೇ ಎಂದು ತಿಳಿಯಲು ಬೆಳಗಿನ ಜಾವ ಹುಲ್ಲನ್ನು ಹತ್ತಿರದಿಂದ ನೋಡಿ. ಪ್ರತಿ ಎಲೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ನೀರ ಹನಿ ನಿಂತಿರುತ್ತದೆ. ಮನೆಯೊಳಗಿಟ್ಟ ತಟ್ಟೆಯಲ್ಲೂ ಅದು ಕಾಣುತ್ತದೆ, ಏಕೆಂದರೆ ಅದು ಇಬ್ಬನಿ ಅಲ್ಲ. ರಾತ್ರಿ ಬೇರು ಒತ್ತಿ ಏರಿಸಿದ ನೀರು ಎಲೆಯ ತುದಿಯಿಂದ ಹೊರಬಂದದ್ದು. ಹನಿ ಕಂಡರೆ ತೇವ ಸರಿಯಾಗಿದೆ ಎಂದರ್ಥ. ಹನಿ ಕಾಣದೆ ಬುಡದ ಮಿಶ್ರಣವೂ ಒಣಗಿದ್ದರೆ ಆ ದಿನ ಬೆಳಿಗ್ಗೆ ಹೆಚ್ಚು ನೀರು ಕೊಡಿ.

ಎಂಟು ಅಥವಾ ಒಂಬತ್ತನೆಯ ದಿನಕ್ಕೆ ಹುಲ್ಲು 12ರಿಂದ 15 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಹಬ್ಬದ ಹಿಂದಿನ ಸಂಜೆ ಕತ್ತರಿಯಿಂದ 10 ಸೆಂ.ಮೀ. ಎತ್ತರಕ್ಕೆ ಸಮವಾಗಿ ಕತ್ತರಿಸಿ. ಅದಕ್ಕಿಂತ ಮೊದಲು ಕತ್ತರಿಸಿದರೆ ತುದಿಗಳು ಕಂದುಬಣ್ಣಕ್ಕೆ ತಿರುಗಲು ಸಮಯ ಸಿಗುತ್ತದೆ.

ಗೋಧಿಯ ಬದಲು ಜೋಳ ಹಾಕಬಹುದೇ ಎಂಬ ಪ್ರಶ್ನೆಯೂ ಬರುತ್ತದೆ. ಹಾಕಬಹುದು, ಎಲೆ ಅಗಲವಾಗಿ, ಒರಟಾಗಿ ಕಾಣುತ್ತದೆ. ಆದರೆ ಜೋಳದ ಎಳೆ ಪೈರಿನಲ್ಲಿ ಧುರಿನ್ ಎಂಬ ಅಂಶವಿದ್ದು, ದನ ಅದನ್ನು ತಿಂದಾಗ ಹೊಟ್ಟೆಯಲ್ಲಿ ಸಯನೈಡ್ ವಿಷ ಬಿಡುಗಡೆಯಾಗುತ್ತದೆ. ಎಳೆ ಜೋಳ ಮೇಯಲು ಬಿಡಬಾರದೆಂದು ನಮ್ಮ ರೈತರು ಹೇಳುವುದು ಇದೇ ಕಾರಣಕ್ಕೆ. ಹಬ್ಬ ಮುಗಿದ ಮೇಲೆ ಹುಲ್ಲನ್ನು ಆಕಳಿಗೆ ಹಾಕುವ ರೂಢಿ ಇರುವ ಮನೆಗಳಲ್ಲಿ ಗೋಧಿಯೇ ಇರಲಿ.

ಹತ್ತು ದಿನ ಸಮಯವಿಲ್ಲದವರು ಕರಿಕೆಯನ್ನು, ಅಂದರೆ ಗಣಪತಿಗೆ ಏರಿಸುವ ಗರಿಕೆ ಹುಲ್ಲನ್ನು, ಬೇರುಮಣ್ಣಿನ ಸಮೇತ ಹಾಳೆಯಂತೆ ಎಬ್ಬಿಸಿ ತಟ್ಟೆಯಲ್ಲಿ ಕೂರಿಸಬಹುದು. ಎರಡು ದಿನ ನೆರಳಿನಲ್ಲಿಟ್ಟು ಚೇತರಿಸಿಕೊಂಡ ಮೇಲೆ ಮಾತ್ರ ಮೇಜಿಗೆ ತನ್ನಿ, ಮತ್ತು ಗೊದ್ದ, ಇರುವೆ ಇವೆಯೇ ಎಂದು ಬುಡವನ್ನು ಚೆನ್ನಾಗಿ ಪರೀಕ್ಷಿಸಿ.

ಹಂತ 2: ಹೂಗಳ ಆಯ್ಕೆ

ಮಾರ್ಚ್ ಕೊನೆಯ ಹೊತ್ತಿಗೆ ಸೇವಂತಿಗೆಯ ಕಾಲ ಮುಗಿದಿರುತ್ತದೆ. ಚಳಿಗಾಲದ ಹೂಗಳು ಹಿತ್ತಲಲ್ಲಿ ಒಣಗುತ್ತಿರುತ್ತವೆ. ಆಗ ನೆಚ್ಚಬಹುದಾದ ಹೂ ಜೀನಿಯಾ. ಇದು ಸೆಕೆ ತಡೆಯುತ್ತದೆ, ಕೊಯ್ದ ಮೇಲೂ ಐದಾರು ದಿನ ನಿಲ್ಲುತ್ತದೆ, ಬಣ್ಣಗಳೂ ಹಲವು. ಆದರೆ ಪೂರ್ತಿ ಬಲಿಯದ ಜೀನಿಯಾ ಕೊಯ್ದ ಮೇಲೆ ಅರಳುವುದೂ ಇಲ್ಲ, ನೆಟ್ಟಗೆ ನಿಲ್ಲುವುದೂ ಇಲ್ಲ. ಹೂವಿನಿಂದ ಒಂದು ಗೇಣು ಕೆಳಗೆ ಕಾಂಡವನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ: ಕತ್ತು ಬಳುಕಿದರೆ ಇನ್ನೂ ಎರಡು ದಿನ ಬಿಡಿ, ಕಾಂಡ ಕಡ್ಡಿಯಂತೆ ನೆಟ್ಟಗಿದ್ದರೆ ಕೊಯ್ಯಿರಿ. ಈ ಒಂದು ಪರೀಕ್ಷೆಯಿಂದ ಅರ್ಧದಷ್ಟು ನಿರಾಶೆ ತಪ್ಪುತ್ತದೆ.

ಚೆಂಡು ಹೂ ಮತ್ತು ಗಲಾಟೆ ಹೂ ಕೂಡ ಬಾಳಿಕೆಯವು. ಚೆಂಡು ಹೂವಿನ ಎಲೆ ನೀರಿಗೆ ತಾಗಿದರೆ ಒಂದೇ ರಾತ್ರಿಯಲ್ಲಿ ನೀರು ನಾರುತ್ತದೆ, ಆದ್ದರಿಂದ ಎಲೆಯನ್ನು ಪೂರ್ತಿ ಕಿತ್ತುಹಾಕಿ. ಗುಲಾಬಿಯನ್ನು ಮೊಗ್ಗಿನ ಕೆಳಗಿನ ಹಸಿರು ಎಸಳುಗಳು ಹಿಂದಕ್ಕೆ ಮಡಚಿ, ಹೊರಗಿನ ಒಂದೆರಡು ದಳ ಸಡಿಲವಾದಾಗ ಕೊಯ್ಯಬೇಕು. ಗಟ್ಟಿ ಮೊಗ್ಗು ಅರಳದೆ ಹಾಗೆಯೇ ಬಾಡುತ್ತದೆ.

ದಾಸವಾಳದ ವಿಷಯ ಬೇರೆ. ಸಾಮಾನ್ಯ ದಾಸವಾಳದ ಆಯುಸ್ಸು ಒಂದೇ ದಿನ. ನೀರಿನಲ್ಲಿಟ್ಟರೂ ಇಡದಿದ್ದರೂ ಸಂಜೆಗೆ ಮುದುಡುತ್ತದೆ. ಮಧ್ಯಾಹ್ನದ ಊಟಕ್ಕೆ ಬೆಳಿಗ್ಗೆ ಕೊಯ್ದು ಇಟ್ಟರೆ ಸಾಕು. ರಾತ್ರಿ ಊಟಕ್ಕೆ ಬೇಕಾದರೆ ಬೆಳಿಗ್ಗೆ ಅರಳಿದ ಕೂಡಲೇ ಕೊಯ್ದು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಹೊರತೆಗೆದ ಮೇಲೆ ರಾತ್ರಿಯ ಊಟ ಮುಗಿಯುವವರೆಗೂ ಅರಳಿಯೇ ಇರುತ್ತದೆ.

ಕಾಗದದ ಹೂ ಎನ್ನುವ ಬೋಗನ್‌ವಿಲ್ಲಾ ಈ ಕಾಲದಲ್ಲಿ ಧಾರವಾಡದ ಕಾಂಪೌಂಡುಗಳ ಮೇಲೆಲ್ಲ ತುಂಬಿರುತ್ತದೆ. ಅದರ ಬಣ್ಣದ ಭಾಗ ಹೂವಲ್ಲ, ಬಣ್ಣ ತಳೆದ ಎಲೆ. ನಡುವೆ ಇರುವ ಬಿಳಿಯ ಚಿಕ್ಕ ನಳಿಕೆಯೇ ಹೂ. ಕೊಯ್ದ ತಕ್ಷಣ ಜೋಲು ಬೀಳುವುದರಿಂದ ಹಸಿರೆಲೆಗಳನ್ನು ತೆಗೆದು ಇಡೀ ಗೊಂಚಲನ್ನು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಬಳಸಿ.

ಸುವಾಸನೆಗೆ ದವನ. ಚೈತ್ರದಲ್ಲಿ ಪೇಟೆಗೆ ಬರುವ ಈ ಬೂದು ಹಸಿರಿನ ಎಲೆ ಗೋಧಿ ಹುಲ್ಲಿನ ಎದ್ದು ಕಾಣುವ ಹಸಿರಿನ ಪಕ್ಕ ತುಂಬ ಚೆನ್ನಾಗಿ ಒಪ್ಪುತ್ತದೆ, ಮತ್ತು ನನ್ನ ಮಟ್ಟಿಗೆ ಯುಗಾದಿಯ ಅಲಂಕಾರ ದವನವಿಲ್ಲದೆ ಪೂರ್ಣವೆನಿಸುವುದಿಲ್ಲ. ಎರಡು ಮೂರು ಕಡ್ಡಿ ಸಾಕು. ಸುಗಂಧರಾಜ ಮಾತ್ರ ಊಟದ ಮೇಜಿಗೆ ಬೇಡ. ಅದರ ಗಂಧದ ಮುಂದೆ ತುಪ್ಪ, ಯಾಲಕ್ಕಿಯ ಪರಿಮಳ ಮರೆಯಾಗುತ್ತದೆ. ಮಲ್ಲಿಗೆ ಮತ್ತು ಅಬ್ಬಲಿಗೆಯ ತೊಟ್ಟು ಶೀಶೆಗೆ ನಿಲ್ಲುವಷ್ಟು ಉದ್ದವಿರುವುದಿಲ್ಲ, ಅವನ್ನು ಮಾಲೆ ಕಟ್ಟಿ ತಟ್ಟೆಯ ಅಂಚಿಗೆ ಸುತ್ತಬಹುದು. ಬೇವಿನ ಹೂವಿನ ಒಂದು ಟೊಂಗೆ ಹಬ್ಬಕ್ಕೆ ಶೋಭೆ. ಅದು ಸಣ್ಣ ಹೂಗಳನ್ನು ಉದುರಿಸುತ್ತಲೇ ಇರುವುದರಿಂದ ಬಡಿಸುವ ಪಾತ್ರೆಗಳಿಂದ ದೂರದ ಶೀಶೆಯಲ್ಲಿಡಿ.

ಈಗ ಎಚ್ಚರಿಕೆಯ ಮಾತು. ಕಣಗಿಲೆಯ ಹೂ, ಎಲೆ, ಕಾಂಡ ಎಲ್ಲವೂ ವಿಷ, ಅದನ್ನು ನಿಲ್ಲಿಸಿದ ನೀರೂ ವಿಷ. ಊಟದ ಮೇಜಿನ ಹತ್ತಿರ ಅದು ಬರಲೇಬಾರದು. ಎಕ್ಕೆಯ ಹಾಲು ಕಣ್ಣಿಗೆ ತಾಗಿದರೆ ಅಪಾಯ. ಇನ್ನು ರಸ್ತೆಯ ಬದಿಗೆ, ಖಾಲಿ ಸೈಟುಗಳಲ್ಲಿ ಬಿಳಿ ಚುಕ್ಕಿಗಳಂತೆ ಅರಳಿ, ಹೂಗುಚ್ಛದ ನಡುವೆ ತುಂಬಲು ಬಹಳ ಚೆಂದ ಎನಿಸುವ ಗಿಡವೊಂದಿದೆ. ಅದು ನಮ್ಮ ಕಡೆ ಕಾಂಗ್ರೆಸ್ ಕಸ ಎನ್ನುವ ಪಾರ್ಥೇನಿಯಂ. ಮುಟ್ಟಿದರೆ ಹಲವರಿಗೆ ಚರ್ಮದಲ್ಲಿ ತುರಿಕೆ, ಗುಳ್ಳೆ ಏಳುತ್ತವೆ. ಪರಾಗದಿಂದ ಸೀನು, ಉಬ್ಬಸ ಬರುತ್ತದೆ. ಮಕ್ಕಳ ಕೈಗೆ ಹೂ ಕೊಯ್ಯಲು ಬುಟ್ಟಿ ಕೊಡುವ ಮೊದಲು ಈ ಮೂರು ಗಿಡಗಳನ್ನು ಅವರಿಗೆ ತೋರಿಸಿ ಹೇಳಿರಿ.

ಪೇಟೆಯಿಂದ ಕೊಂಡ ಹೂಗಳಿಗೆ ಕೀಟನಾಶಕ ಸಿಂಪಡಿಸಿರುವ ಸಾಧ್ಯತೆ ಇರುವುದರಿಂದ ಅವುಗಳ ಎಸಳನ್ನು ಪಾಯಸ, ಕೋಸಂಬರಿಯ ಮೇಲೆ ಉದುರಿಸುವ ಅಭ್ಯಾಸ ಒಳ್ಳೆಯದಲ್ಲ.

ಹಂತ 3: ಕೊಯ್ಯುವುದು ಮತ್ತು ನೀರು ಕುಡಿಸುವುದು

ದಾಸವಾಳ, ಮಲ್ಲಿಗೆ ಬಿಟ್ಟು ಉಳಿದ ಹೂಗಳನ್ನು ಹಬ್ಬದ ಹಿಂದಿನ ದಿನವೇ ಕೊಯ್ಯಿರಿ. ಹಬ್ಬದ ಬೆಳಿಗ್ಗೆ ಎಣ್ಣೆಸ್ನಾನ, ಪೂಜೆ, ಹೂರಣದ ಕೆಲಸಗಳ ನಡುವೆ ಇದಕ್ಕೆ ಸಮಯ ಸಿಗುವುದಿಲ್ಲ ಎಂಬುದು ಒಂದು ಕಾರಣ. ರಾತ್ರಿಯಿಡೀ ನೀರು ಕುಡಿದ ಹೂ ಮರುದಿನದ ಸೆಕೆಯನ್ನು ತಡೆಯುತ್ತದೆ ಎಂಬುದು ಮುಖ್ಯ ಕಾರಣ. ಬೆಳಿಗ್ಗೆ ಏಳು ಗಂಟೆಯೊಳಗೆ ಅಥವಾ ಸಂಜೆ ಹೊತ್ತು ಮುಳುಗಿದ ಮೇಲೆ ಕೊಯ್ಯಬೇಕು. ಕೊಯ್ಯುವ ಮೂರ್ನಾಲ್ಕು ಗಂಟೆ ಮೊದಲು ಗಿಡಕ್ಕೆ ನೀರು ಹಾಕಿರಿ. ಬುಟ್ಟಿಯ ಬದಲು ನೀರು ತುಂಬಿದ ಬಕೆಟ್ಟನ್ನೇ ಹಿತ್ತಲಿಗೆ ಒಯ್ದು, ಕೊಯ್ದ ಕೂಡಲೇ ಕಾಂಡವನ್ನು ಅದರಲ್ಲಿ ಮುಳುಗಿಸಿ.

ಕಾಂಡದೊಳಗೆ ಕೂದಲಿಗಿಂತ ಸಣ್ಣ ನೀರ್ಗೊಳವೆಗಳಿವೆ. ಗಾಳಿಯಲ್ಲಿ ಕತ್ತರಿಸಿದಾಗ ತುದಿಯಿಂದ ಗಾಳಿಯ ಗುಳ್ಳೆ ಒಳಸೇರಿ ಆ ಕೊಳವೆಯಲ್ಲಿ ನೀರಿನ ಎಳೆ ತುಂಡಾಗುತ್ತದೆ. ಆಮೇಲೆ ಎಷ್ಟು ನೀರಿನಲ್ಲಿಟ್ಟರೂ ಮೇಲಕ್ಕೆ ಏರುವುದಿಲ್ಲ. ಆದ್ದರಿಂದ ಮನೆಗೆ ತಂದ ಮೇಲೆ ಬೋಗುಣಿಯ ನೀರಿನೊಳಗೇ ಕಾಂಡದ ತುದಿಯನ್ನು ಎರಡು ಬೆರಳಿನಷ್ಟು ಓರೆಯಾಗಿ ಇನ್ನೊಮ್ಮೆ ಕತ್ತರಿಸಿ. ಓರೆಯಾಗಿ ಕತ್ತರಿಸಿದರೆ ತುದಿ ಶೀಶೆಯ ತಳಕ್ಕೆ ಅಂಟಿ ಮುಚ್ಚಿಕೊಳ್ಳುವುದಿಲ್ಲ. ಮೊಂಡು ಕತ್ತರಿ ಕೊಳವೆಗಳನ್ನು ಜಜ್ಜಿ ಮುಚ್ಚಿಬಿಡುತ್ತದೆ; ಗುಲಾಬಿಯ ಕಾಂಡವನ್ನು ಕಲ್ಲಿನಿಂದ ಜಜ್ಜಬೇಕೆಂದು ಹೇಳುವವರಿದ್ದಾರೆ, ಅದನ್ನು ಪಾಲಿಸಬೇಡಿ.

ನಂದಿಬಟ್ಟಲು, ದೇವಕಣಗಿಲೆಯಂತಹ (ಇದು ಮೇಲೆ ಹೇಳಿದ ಕಣಗಿಲೆಯಲ್ಲ, ಬೇರೆ ಗಿಡ) ಹಾಲು ಸುರಿಸುವ ಹೂಗಳನ್ನು ಇದೇ ಬಕೆಟ್ಟಿನಲ್ಲಿ ಇಡಬಾರದು. ಅವುಗಳ ಕಾಂಡದ ತುದಿಯನ್ನು ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಹಾಲು ಹೆಪ್ಪುಗಟ್ಟಿ ನಿಲ್ಲುತ್ತದೆ. ಹೂವಿಗೆ ಹಬೆ ತಾಗದಂತೆ ಬಟ್ಟೆ ಸುತ್ತಿಕೊಳ್ಳಿ. ಮಾವಿನ ಚಿಗುರು ಸೇರಿಸುವವರೂ ಅದರ ಸೊನೆಯನ್ನು ಹೀಗೆಯೇ ನಿಲ್ಲಿಸಿ, ಸೊನೆ ಕೈಗೆ ತಾಗದಂತೆ ನೋಡಿಕೊಳ್ಳಿ.

ಹೀಗೆ ಸಿದ್ಧವಾದ ಹೂಗಳನ್ನು ಕಾಂಡದ ಮುಕ್ಕಾಲು ಭಾಗ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ, ಮನೆಯಲ್ಲಿ ಅತ್ಯಂತ ತಂಪಾದ, ಕತ್ತಲಾದ ಮೂಲೆಯಲ್ಲಿ ರಾತ್ರಿಯಿಡೀ ಬಿಡಿ. ಬಚ್ಚಲುಮನೆ ಒಳ್ಳೆಯ ಆಯ್ಕೆ. ಬೆಳಿಗ್ಗೆ ಯಾವುದಾದರೂ ಗುಲಾಬಿಯ ಕತ್ತು ಬಾಗಿದ್ದರೆ ಎಸೆಯಬೇಡಿ: ತುದಿಯನ್ನು ಮತ್ತೆ ಕತ್ತರಿಸಿ, ಹೂ ನೆಟ್ಟಗೆ ನಿಲ್ಲುವಂತೆ ದಿನಪತ್ರಿಕೆಯ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಕೈಗೆ ಬೆಚ್ಚಗೆನಿಸುವ ನೀರಿನಲ್ಲಿ ಒಂದು ಗಂಟೆ ನಿಲ್ಲಿಸಿದರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ.

ಹಂತ 4: ಶೀಶೆಗೆ ನೀರು

ಕುಡಿಯಲು ಬಳಸುವ ಶುದ್ಧ ನೀರನ್ನೇ ಬಳಸಿ. ಗದಗ ಸೀಮೆಯ ಕೊಳವೆ ಬಾವಿಗಳ ಗಡಸು ನೀರಿನಲ್ಲಿ ಹೂ ಬೇಗ ಸೊರಗುತ್ತದೆ. ಶುದ್ಧೀಕರಣ ಯಂತ್ರವು ಬೇಡವೆಂದು ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಲವಣ ಇನ್ನೂ ಹೆಚ್ಚಿರುವುದರಿಂದ ಅದು ಹೂವಿಗೂ ಬೇಡ, ಹುಲ್ಲಿಗೂ ಬೇಡ.

ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಸಕ್ಕರೆ ಮತ್ತು ಎರಡು ಟೀ ಚಮಚ ನಿಂಬೆರಸ ಹಾಕಿ ಕಲಕಿ, ಅದರ ನಂತರ ಬಟ್ಟೆಗೆ ಬಳಸುವ ದ್ರವ ಬ್ಲೀಚ್ ಕಾಲು ಟೀ ಚಮಚ ಸೇರಿಸಿ. ಸಕ್ಕರೆ ಹೂವಿಗೆ ಆಹಾರ, ಹುಳಿಯು ನೀರು ಸಲೀಸಾಗಿ ಏರಲು ಸಹಾಯಕ, ಬ್ಲೀಚ್ ಕೊಳವೆ ಮುಚ್ಚುವ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಬ್ಲೀಚ್ ಮತ್ತು ನಿಂಬೆರಸವನ್ನು ನೀರಿಲ್ಲದೆ ನೇರವಾಗಿ ಎಂದಿಗೂ ಬೆರೆಸಬಾರದು, ಅದರಿಂದ ಉಸಿರಿಗೆ ಅಪಾಯಕಾರಿಯಾದ ಕ್ಲೋರಿನ್ ಅನಿಲ ಬರುತ್ತದೆ. ಉಳಿದ ದ್ರಾವಣದ ಬಾಟಲಿಗೆ ಚೀಟಿ ಅಂಟಿಸಿ ಮಕ್ಕಳಿಗೆ ಸಿಗದಂತಿಡಿ. ಬ್ಲೀಚ್ ಬಳಸಲು ಮನಸ್ಸಿಲ್ಲದವರು ಸಕ್ಕರೆಯನ್ನೂ ಬಿಡಬೇಕು, ಏಕೆಂದರೆ ಸಕ್ಕರೆ ಮಾತ್ರ ಇದ್ದರೆ ಬ್ಯಾಕ್ಟೀರಿಯಾ ಮತ್ತು ಇರುವೆಗಳಿಗೇ ಅದು ಆಹಾರವಾಗುತ್ತದೆ. ಬರಿಯ ನೀರನ್ನು ದಿನಕ್ಕೆರಡು ಸಲ ಬದಲಾಯಿಸಿದರೂ ಫಲ ಸಿಗುತ್ತದೆ.

ಹಂತ 5: ಜೋಡಣೆ

ಹಬ್ಬದ ಬೆಳಿಗ್ಗೆ ಶೀಶೆಗಳ ಮುಚ್ಚಳ ತೆಗೆದು, ಸಿರಿಂಜಿನಿಂದ ಕತ್ತಿನವರೆಗೆ ದ್ರಾವಣ ತುಂಬಿ. ಪ್ರತಿ ಹೂವನ್ನು ಶೀಶೆಯ ಪಕ್ಕ ಹಿಡಿದು ಅಳತೆ ನೋಡಿ, ಹುಲ್ಲಿನ ಮೇಲೆ 5ರಿಂದ 8 ಸೆಂ.ಮೀ. ಮಾತ್ರ ಹೂ ಕಾಣುವಂತೆ ಕಾಂಡ ಕತ್ತರಿಸಿ. ಶೀಶೆಯೊಳಗೆ ಹೋಗುವ ಭಾಗದಲ್ಲಿ ಒಂದೂ ಎಲೆ ಇರಬಾರದು. ಒಂದು ಶೀಶೆಗೆ ಒಂದು ದೊಡ್ಡ ಹೂ ಅಥವಾ ಎರಡು ಸಣ್ಣ ಹೂ. ಹೆಚ್ಚು ತುರುಕಿದರೆ 30 ಮಿ.ಲೀ. ನೀರು ಮಧ್ಯಾಹ್ನದೊಳಗೆ ಖಾಲಿಯಾಗುತ್ತದೆ.

ಮೊದಲು ಒತ್ತೊತ್ತಾಗಿ ನಿಲ್ಲಿಸಿದ ಶೀಶೆಗಳಲ್ಲಿ ಒಂದೇ ಬಣ್ಣದ ದೊಡ್ಡ ಹೂಗಳನ್ನು, ಉದಾಹರಣೆಗೆ ಕೆಂಪು ಜೀನಿಯಾ ಅಥವಾ ಗುಲಾಬಿಯನ್ನು, ಬೇರೆ ಬೇರೆ ಎತ್ತರದಲ್ಲಿ ಇಡಿ. ನಂತರ ಬಿಡಿ ಶೀಶೆಗಳಲ್ಲಿ ತಿಳಿಬಣ್ಣದ ಸಣ್ಣ ಹೂ ಮತ್ತು ದವನ ಬರಲಿ. ಹುಲ್ಲಿನ ಹಸಿರನ್ನು ಬಿಟ್ಟು ಎರಡು ಬಣ್ಣ ಸಾಕು, ಮೂರು ಮೀರಬಾರದು. ಹಿತ್ತಲಲ್ಲಿರುವ ಎಲ್ಲ ಹೂವನ್ನೂ ತುಂಬುವ ಆಸೆಯನ್ನು ತಡೆದುಕೊಳ್ಳಿ. ತಟ್ಟೆಯ ಅರ್ಧಭಾಗ ಬರಿ ಹುಲ್ಲಾಗಿಯೇ ಉಳಿದರೆ ಹೂವಿಗೆ ಬೆಲೆ ಬರುತ್ತದೆ. ಮುತ್ತಲ ಹೂ ಉದುರುವ ಕಾಲವೂ ಇದೇ ಆದ್ದರಿಂದ, ಕಲಘಟಗಿ ಕಡೆಯ ಕಾಡಂಚಿನಲ್ಲಿ ಇರುವವರು ನೆಲಕ್ಕೆ ಬಿದ್ದ ಕೇಸರಿ ಹೂಗಳನ್ನು ಆಯ್ದು ಹುಲ್ಲಿನ ಮೇಲೆ ಹಾಗೆಯೇ ಇಡಬಹುದು. ಒಂದು ದಿನದ ಮಟ್ಟಿಗೆ ಅವು ಚೆನ್ನಾಗಿರುತ್ತವೆ. ಅದಕ್ಕಾಗಿ ಮರದ ಟೊಂಗೆ ಮುರಿಯುವ ಅವಶ್ಯಕತೆ ಇಲ್ಲ.

ಹಂತ 6: ಮೇಜಿನ ಮೇಲೆ

ತಟ್ಟೆ, ಹುಲ್ಲು, ಹೂ ಎಲ್ಲ ಸೇರಿ ಎತ್ತರ 25 ಸೆಂ.ಮೀ. ಸುಮಾರಿಗೆ ಇರಬೇಕು. ಕುರ್ಚಿಯಲ್ಲಿ ಕುಳಿತು ಮೊಣಕೈಯನ್ನು ಮೇಜಿಗೆ ಊರಿ ಮುಷ್ಟಿ ಎತ್ತಿ ಹಿಡಿಯಿರಿ. ಹೂ ಮುಷ್ಟಿಗಿಂತ ಕೆಳಗಿದ್ದರೆ ಎದುರು ಕುಳಿತವರ ಮುಖ ಮರೆಯಾಗುವುದಿಲ್ಲ. ತಟ್ಟೆಯ ಕೆಳಗೆ ಬಿಳಿ ಖಾದಿ ಬಟ್ಟೆ ಹಾಸಿದರೆ ಹಸಿರು ಎದ್ದು ಕಾಣುತ್ತದೆ. ಖಣದ ಬಟ್ಟೆಯನ್ನೋ ಕಸೂತಿ ಹಾಕಿದ ಬಟ್ಟೆಯನ್ನೋ ಹಾಸುವುದಾದರೆ ನಡುವೆ ಒಂದು ಮಣೆ ಅಥವಾ ಕಾರ್ಕಿನ ಹಲಗೆ ಇಡಿ, ಏಕೆಂದರೆ ತಟ್ಟೆಯ ತಳದ ತೇವಕ್ಕೆ ಖಣದ ಬಣ್ಣ ಬಿಡಬಹುದು.

ಮಾವು, ಬಾಳೆಹಣ್ಣಿನ ಬುಟ್ಟಿಯನ್ನು ಪಕ್ಕದಲ್ಲಿಡಬೇಡಿ. ಧಾರವಾಡದ ಆಪೂಸು ಮನೆಗೆ ಬರುವ ಕಾಲದಲ್ಲಿ ಹೂ ಮತ್ತು ಹಣ್ಣನ್ನು ಜೊತೆಯಾಗಿಡುವ ಆಸೆ ಸಹಜ. ಆದರೆ ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಆ ಅನಿಲ ಹೂವಿನ ಮುಪ್ಪನ್ನೂ ಬೇಗ ತರುತ್ತದೆ. ಫ್ಯಾನನ್ನು ಅತಿಥಿಗಳು ಕೂರುವವರೆಗೆ ನಿಲ್ಲಿಸಿಡಿ, ಆಮೇಲೆ ಕಡಿಮೆ ವೇಗದಲ್ಲಿ ತಿರುಗಲಿ.

ಹಂತ 7: ಮುಂದಿನ ದಿನಗಳ ಆರೈಕೆ

ದಿನಕ್ಕೆರಡು ಸಲ ಸಿರಿಂಜಿನಿಂದ ಶೀಶೆ ತುಂಬಿಸಿ; ಹೂಗಳನ್ನು ಅಲುಗಾಡಿಸದೆ ನೀರು ಹಾಕಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಎರಡು ದಿನಕ್ಕೊಮ್ಮೆ ಹಳೆಯ ನೀರನ್ನು ಅದೇ ಸಿರಿಂಜಿನಿಂದ ಹೀರಿ ತೆಗೆದು ಹೊಸ ನೀರು ಹಾಕಿ, ಕಾಂಡದ ತುದಿಯನ್ನು ಒಂದು ಬೆರಳಿನಷ್ಟು ಕತ್ತರಿಸಿ. ಹುಲ್ಲಿಗೆ ಬೆಳಿಗ್ಗೆ ಮಾತ್ರ ಸಿಂಪಡಿಸಿ, ಮತ್ತು ಊಟ ಮುಗಿದ ಮೇಲೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಸರಿಸಿ. ದಿನವಿಡೀ ಮೇಜಿನ ಮೇಲೆ ಕತ್ತಲಲ್ಲಿ ಬಿಟ್ಟ ಹುಲ್ಲು ನಾಲ್ಕನೆಯ ದಿನಕ್ಕೆ ಬಿಳಿಚಿಕೊಂಡು ಮಲಗುತ್ತದೆ. ಇರುವೆ ಬಂದರೆ ತಟ್ಟೆಯನ್ನು ನೀರು ಹಾಕಿದ ದೊಡ್ಡ ತಟ್ಟೆಯೊಳಗೆ, ನಾಲ್ಕು ಚಿಕ್ಕ ಬಟ್ಟಲುಗಳ ಮೇಲೆ ಇಡಿ.

ಹುಲ್ಲು 18ರಿಂದ 20 ಸೆಂ.ಮೀ. ಬೆಳೆದು ಬಾಗತೊಡಗಿದಾಗ ಬುಡದಿಂದ ಎರಡು ಬೆರಳು ಮೇಲೆ ಕತ್ತರಿಸಿದರೆ ಒಂದು ಸಲ ಮತ್ತೆ ಚಿಗುರುತ್ತದೆ, ಎರಡನೆಯ ಚಿಗುರು ಮೊದಲಿನಷ್ಟು ದಟ್ಟವಾಗಿರುವುದಿಲ್ಲ. ಕತ್ತರಿಸಿದ ಗೋಧಿ ಹುಲ್ಲನ್ನು ಆಕಳಿಗೆ ಹಾಕಬಹುದು. ಹೂವಿನ ದ್ರಾವಣ ಚೆಲ್ಲಿದ ಭಾಗದ ಹುಲ್ಲನ್ನು ಮಾತ್ರ ಬೇರೆ ಮಾಡಿ ತಿಪ್ಪೆಗೆ ಹಾಕಿ. ಕೊನೆಗೆ ಉಳಿಯುವ ಬೇರಿನ ಚಾಪೆಯನ್ನು ಸಣ್ಣ ತುಂಡುಗಳಾಗಿ ಹರಿದು ಗುಲಾಬಿ ಗಿಡದ ಬುಡಕ್ಕೆ ಮುಚ್ಚಿಗೆಯಾಗಿ ಹರಡಿದರೆ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮಣ್ಣಿನ ತೇವ ಉಳಿಯುತ್ತದೆ. ಶೀಶೆಗಳ ಒಳಗೆ ಲೋಳೆ ಕಟ್ಟಿದ್ದರೆ ಒಂದು ಚಿಟಿಕೆ ಅಕ್ಕಿ ಮತ್ತು ಸೋಪಿನ ನೀರು ಹಾಕಿ ಕುಲುಕಿ ತೊಳೆದು, ಬೋರಲು ಹಾಕಿ ಒಣಗಿಸಿ ಎತ್ತಿಡಿ.